ಹೊಲಿಗೆ ಬಿದ್ದ ಬಾಳೆಹಣ್ಣು

ಮೊನ್ನೆ ಮೊನ್ನೆಯವರೆಗೂ ನಮ್ಮ ಮನೆಯಲ್ಲಿ ಹೊಲಿಗೆ ಬೀಳದ ಬಾಳೆಹಣ್ಣು ತಿಂದವರೇ ಇರಲಿಲ್ಲ. ಸುಳ್ಳೆನಿಸಿದರೆ ರಾಯಬಾಗಕ್ಕೆ ಬಂದು ನಮ್ಮ ಕಾಕಾನ ಹೆಂಡತಿ ಕಾಕುವನ್ನು ಕೇಳಿ.

ಕಾಕಾ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ನಿವೃತ್ತನಾದ ಮೇಲೂ ದಿನಾ ಬೆಳಿಗ್ಗೆ ಬಾಳೆಹಣ್ಣಿನ ಸಿಪ್ಪೆ ಸೀಳಿ, ಬಾಗಿದ ಸೂಜಿಯಿಂದ ಹೊಲಿಯುತ್ತಿದ್ದ. ಕೈಗೆ ರೂಢಿ ತಪ್ಪಬಾರದಂತೆ! ಆ ಸೂಜಿಯನ್ನು ಕಚ್ಚಿ ಹಿಡಿಯಲು ಉಕ್ಕಿನದೊಂದು ಇಕ್ಕಳವಿತ್ತು. ಅದನ್ನು ಕುದಿಸಿ, ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಗೋಡೆಯಲ್ಲಿನ ಗೂಡಿನಂಥ ಮಾಡದಲ್ಲಿ ಇಡುತ್ತಿದ್ದ. ಬೇರೆಯವರು ಮುಟ್ಟುವ ಹಾಗಿಲ್ಲ. ಒಮ್ಮೆ ಕಾಕು ಅದರಿಂದ ಸೀರೆಯೊಳಗಿನ ಪರಕಾರಕ್ಕೆ ಲಾಡಿ ಏರಿಸಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ. ಆ ಎರಡು ದಿನ ಬಹಳ ಆರಾಮಿದ್ದೆ ಎಂದು ಕಾಕು ಈಗಲೂ ನೆನೆಯುತ್ತಾಳೆ.

ಕಾಕು ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಊರಿಗೇ ಹೆಸರಾದವಳು. ಕಾಕಾ ಮಾತ್ರ ಕನ್ನಡಕ ಏರಿಸಿ ಅವಳ ಕೌದಿಯನ್ನೂ ತಪಾಸಣೆ ಮಾಡುವನು.

"ಹೊಲಿಗಿ ಟಾಕಿ ಭಾಳ ಬಿಗಿ ಆಗ್ಯಾವ. ಗಾಯಕ್ಕ ಉಬ್ಬಾಕ ಜಾಗಾ ಬಿಡಬೇಕು."

"ಕೌದಿಗೆ ಯಾವ ಗಾಯ ಆಗೈತ್ರಿ?"

ಇತ್ತೀಚೆಗೆ ಬಾಳೆಹಣ್ಣಿನ ಹೊಲಿಗೆಗಳು ಸೊಟ್ಟಗಾಗತೊಡಗಿದ್ದವು. ಹಣ್ಣೇ ಸರಿಯಿಲ್ಲ ಎನ್ನುತ್ತಿದ್ದ. ಅವನ ಕೈ ನಡುಗುವುದು ನಮಗೆಲ್ಲ ಗೊತ್ತಿತ್ತು. ಹೇಳುವ ಧೈರ್ಯ ಯಾರಿಗಿತ್ತು?

ಮೊನ್ನೆ ನೆರೆಮನೆಯ ಅಜ್ಜಿ ತನ್ನ ಆಡನ್ನು ಎತ್ತಿಕೊಂಡು ಬಂದಳು. ಮುಳ್ಳುತಂತಿಗೆ ಸಿಕ್ಕು ಅದರ ತೊಡೆ ಗೇಣುದ್ದ ಹರಿದಿತ್ತು.

"ಡಾಕ್ಟರ್ ಯಡೂರಿಗೆ ಹೋಗ್ಯಾರಂತ. ನೀನ ಹೊಲಿದು ಕೊಡಪಾ."

ಕಾಕಾ ಗಾಯ ತೊಳೆದ, ಮರಗಟ್ಟಿಸುವ ಇಂಜೆಕ್ಷನ್ ಹೇಗೋ ಕೊಟ್ಟ, ಇಕ್ಕಳ ಹಿಡಿದ. ಸೂಜಿ ಗಾಯದ ಅಂಚಿನಲ್ಲಿ ನಿಲ್ಲಲೇ ಇಲ್ಲ. ಎರಡು ಸಲ ಚುಚ್ಚಲು ನೋಡಿದ, ಮೂರು ಸಲ ನೋಡಿದ. ನಾನು ಅವನ ಮುಖ ನೋಡಲಾಗದೆ ಆಡಿನ ಮುಖ ನೋಡುತ್ತ ನಿಂತೆ. ಕೊನೆಗೆ ತಲೆಯೆತ್ತದೆ ಇಕ್ಕಳವನ್ನು ಕಾಕುವಿನ ಕಡೆ ಚಾಚಿದ.

"ನೀ ಹಾಕು. ನಾ ಹೇಳ್ತೀನಿ."

ಹೇಳುವ ಪ್ರಸಂಗವೇ ಬರಲಿಲ್ಲ. ಕಾಕು ಒಂದೊಂದೇ ಟಾಕಿ ಹಾಕುತ್ತ ಹೋದಳು. ಯಾವುದೂ ಬಿಗಿಯಾಗಿರಲಿಲ್ಲ. ಕಾಕಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಯಾರ ಕಲಿಸ್ಯಾರ ನಿನಗ?"

"ಮೂವತ್ತ ವರ್ಷ ಬೈಸ್ಕೊಂಡೀನಲ್ರಿ."

ಕಾಕಾ ನಕ್ಕ. ಕಣ್ಣು ಮಾತ್ರ ತೇವವಾಗಿತ್ತು.

ಮರುದಿನ ನನಗೆ ಸಿಕ್ಕ ಬಾಳೆಹಣ್ಣಿಗೆ ಹೊಲಿಗೆ ಇರಲಿಲ್ಲ. ಅದನ್ನು ಸುಲಿಯದೆ ಕೆಳಗಿಟ್ಟೆ. ಎದ್ದು ಗೋಡೆಯ ಮಾಡ ನೋಡಿದೆ, ಖಾಲಿ. ಇಕ್ಕಳ ಕಾಕುವಿನ ಕೌದಿ ಬುಟ್ಟಿಯಲ್ಲಿತ್ತು. ಕುದಿಸಿ, ಒರೆಸಿ, ಅದೇ ಬಿಳಿ ಬಟ್ಟೆಯಲ್ಲಿ ಸುತ್ತಿ ಕಾಕಾನೇ ಇಟ್ಟಿದ್ದ.