ಒಂದು ಬೆರಳು ಕಮ್ಮಿ ಬಿದ್ದ ತಗಡಿನ ಕಟ್ಟು

ಇವರಿಗೆ:
ಪ್ಯಾಕಿಂಗ್ ಮತ್ತು ರವಾನೆ ವಿಭಾಗದ ಮುಖ್ಯಸ್ಥರು,
ನಮಗೆ ತಗಡು ಕಳಿಸುವ ಕಂಪನಿ.

ಇವರಿಂದ:
ಮುನಿಕೃಷ್ಣಮ್ಮ, ಟ್ರಂಕ್ ತಯಾರಕರು,
ನಾಗಸಂದ್ರ ಹಳೇ ಊರು.

ಮಾನ್ಯರೇ,

ತಾವೂ, ತಮ್ಮ ಮನೆಯವರೂ, ತಮ್ಮ ಗೋದಾಮಿನ ಸಮಸ್ತ ಫೋರ್ಕ್‌ಲಿಫ್ಟುಗಳೂ ಕ್ಷೇಮವೆಂದು ನಂಬುತ್ತೇನೆ. ನಾವಿಲ್ಲಿ ಕ್ಷೇಮ. ತಾವು ಕಳಿಸಿದ ಒಂದೂವರೆ ಟನ್ ತಗಡಿನ ಕಟ್ಟು ನಮಗಿಂತಲೂ ಕ್ಷೇಮ. ಹನ್ನೊಂದು ದಿನದಿಂದ ನಮ್ಮ ಗಲ್ಲಿಯ ಬಾಯಲ್ಲಿ, ಇಳಿಸಿದ ಜಾಗದಿಂದ ಒಂದು ಕೂದಲೆಳೆಯಷ್ಟೂ ಕದಲದೆ ಕೂತಿದೆ. ಅದರ ಮೇಲೆ ನಿನ್ನೆಯಿಂದ ನಾನು ಕೂತಿದ್ದೇನೆ. ಈ ಪತ್ರವನ್ನು ಅಲ್ಲಿಂದಲೇ ಬರೆಯುತ್ತಿರುವುದರಿಂದ ಅಕ್ಷರ ಅಲ್ಲಲ್ಲಿ ಸೊಟ್ಟಗಾಗಿದ್ದರೆ ಅದಕ್ಕೆ ತಮ್ಮ ಪ್ಲಾಸ್ಟಿಕ್ ಹೊದಿಕೆಯ ಸುಕ್ಕು ಕಾರಣವೇ ಹೊರತು ನನ್ನ ವಿದ್ಯೆಯಲ್ಲ. ನಾನು ಎಸ್ಸೆಸ್ಸೆಲ್ಸಿಯನ್ನು ಮೊದಲ ಸಲಕ್ಕೇ ಪಾಸು ಮಾಡಿದವಳು.

ಮೊದಲು ತಮ್ಮನ್ನು ಮನಸಾರೆ ಹೊಗಳಲು ಅಪ್ಪಣೆ ಕೊಡಬೇಕು. ಇಂಥ ಕಟ್ಟನ್ನು ನನ್ನ ಅರವತ್ತೇಳು ವರ್ಷದಲ್ಲಿ ನಾನು ನೋಡಿಲ್ಲ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಶೀಟುಗಳನ್ನು ಒಂದರ ಮೇಲೊಂದು ಪೇರಿಸಿ, ಮೂಲೆಗಳಿಗೆ ರಟ್ಟು ಕೊಟ್ಟು, ತುಕ್ಕು ಹಿಡಿಯದ ಕಾಗದ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ, ಉಕ್ಕಿನ ಪಟ್ಟಿ ಬಿಗಿದು, ಕೆಳಗೆ ಆರು ಮರದ ಕಾಲು ಇಟ್ಟು ಕಳಿಸಿದ್ದೀರಿ. ನನ್ನ ಮದುವೆಯಲ್ಲಿ ನನಗೂ ಇಷ್ಟು ಅಲಂಕಾರ ಮಾಡಿರಲಿಲ್ಲ. ನಾಲ್ಕೂ ಮಗ್ಗುಲಿಗೆ ಚೀಟಿ ಅಂಟಿಸಿ, ಅದರಲ್ಲಿ ಒಂದು ಅಂಗೈಯ ಚಿತ್ರ ಬರೆದು, ಅದರ ಮೇಲೆ ಕೆಂಪು ಗೀಟು ಎಳೆದು, ‘ಯಂತ್ರದಿಂದ ಮಾತ್ರ ಎತ್ತತಕ್ಕದ್ದು’ ಎಂದು ಮೂರು ಭಾಷೆಯಲ್ಲಿ ಮುದ್ರಿಸಿದ್ದೀರಿ. ಕನ್ನಡದಲ್ಲಿ ಒಂದೂ ತಪ್ಪಿಲ್ಲ. ಅದಕ್ಕೂ ಅಭಿನಂದನೆ.

ಇದೆಲ್ಲ ನಾನೇ ಕೇಳಿ ಪಡೆದದ್ದು ಎಂಬುದು ತಮಗೆ ಮರೆತಿರಬಹುದು. ಹಿಂದೆ ತಮ್ಮ ಶೀಟುಗಳು ಲಾರಿಯಲ್ಲಿ ಬಿಡಿಬಿಡಿಯಾಗಿ ಬರುತ್ತಿದ್ದವು. ನಮ್ಮ ಹುಡುಗರು ಕೈಗೆ ಹಳೇ ಗೋಣಿ ಸುತ್ತಿಕೊಂಡು ಎರಡೆರಡೇ ಶೀಟು ಹೊತ್ತು ಗಲ್ಲಿಯೊಳಗೆ ತರುತ್ತಿದ್ದರು. ಹೋದ ವರ್ಷ ಆಷಾಢದ ಗಾಳಿಗೆ ಒಂದು ಶೀಟು ಹಾಳೆಯ ಹಾಗೆ ಎದ್ದು, ಇಪ್ಪತ್ತಾರು ವರ್ಷದಿಂದ ನಮ್ಮಲ್ಲಿ ಟ್ರಂಕಿಗೆ ತಗಡು ಮಡಿಸುತ್ತಿರುವ ಮುನಿರತ್ನನ ಬಲಗೈಯನ್ನು ಸೀಳಿತು. ಹೊಲಿಗೆ ಹಾಕಿದರು, ಗಾಯ ಮಾಯಿತು, ಆದರೆ ಎರಡು ಬೆರಳು ಈಗಲೂ ಮಡಿಯುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅವನ ಹೆಂಡತಿಯ ಪಕ್ಕದಲ್ಲಿ ಕೂತು, ಇನ್ನು ಮೇಲೆ ನನ್ನ ಬಾಗಿಲಿಗೆ ಬಂದ ತಗಡನ್ನು ಯಾರೂ ಕೈಯಲ್ಲಿ ಹೊತ್ತು ಇಳಿಸಕೂಡದು ಎಂದು ನಾನು ಮಾತು ಕೊಟ್ಟೆ. ಆ ವಾರವೇ ತಮಗೆ ಕಾಗದ ಬರೆದು, ಮನುಷ್ಯರ ಕೈ ತಾಗದ ಹಾಗೆ ಕಟ್ಟಿ ಕಳಿಸಿ ಎಂದು ಬೇಡಿಕೊಂಡೆ. ನನ್ನ ಮಾತನ್ನು ತಾವು ಅಕ್ಷರಶಃ ನಡೆಸಿಕೊಟ್ಟಿದ್ದೀರಿ. ದೇವರು ಕೂಡ ನಾನು ಬೇಡಿಕೊಂಡದ್ದನ್ನು ಇಷ್ಟು ಕಟ್ಟುನಿಟ್ಟಾಗಿ ಎಂದೂ ನಡೆಸಿಲ್ಲ.

ನನ್ನ ಕಡೆಯಿಂದ ನಾನೂ ಸುಮ್ಮನೆ ಕೂರಲಿಲ್ಲ. ಎರಡು ಉದ್ದ ನಾಲಿಗೆ ಚಾಚಿಕೊಂಡು, ಹಿಡಿಯನ್ನು ಏಳೆಂಟು ಸಲ ಒತ್ತಿದರೆ ಎರಡು ಟನ್ನನ್ನೂ ನೆಲದಿಂದ ಎತ್ತುವ ಒಂದು ಟ್ರಾಲಿ ತರಿಸಿದೆ. ಒತ್ತುವುದಕ್ಕೆ ಒಂದೇ ಕೈ ಸಾಕು, ಎಡಗೈ ಆದರೂ ಆದೀತು. ಮುನಿರತ್ನನನ್ನು ಕರೆದು, ಇನ್ನು ಮೇಲೆ ಇದಕ್ಕೆ ನೀನೇ ಮೇಸ್ತ್ರಿ, ಸುಮ್ಮನೆ ಕೂರಿಸಿ ಸಂಬಳ ಕೊಡುವವಳು ನಾನಲ್ಲ, ಸುಮ್ಮನೆ ಕೂತು ತೆಗೆದುಕೊಳ್ಳುವವನು ನೀನೂ ಅಲ್ಲ ಎಂದೆ. ಅವನು ಆ ಟ್ರಾಲಿಯ ಗಾಲಿಗಳಿಗೆ ಎಣ್ಣೆ ಹಾಕಿ, ಹಿಡಿಗೆ ಹಸಿರು ಬಣ್ಣ ಬಳಿದು, ಖಾಲಿ ಗಾಡಿಯನ್ನೇ ಗಲ್ಲಿಯ ಉದ್ದಕ್ಕೂ ತಳ್ಳಿ ಅಭ್ಯಾಸ ಮಾಡಿಕೊಂಡು ಕಾದ. ತಮ್ಮ ಕಟ್ಟು ಬರುವ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಕಟ್ಟು ಶುಕ್ರವಾರ ಬಂತು. ಲಾರಿಯ ಅಜ್ಜು ನಮಗೆ ಹತ್ತು ವರ್ಷದಿಂದ ಗೊತ್ತಿರುವ ಮನುಷ್ಯ. ಹಿಂದೆಲ್ಲ ಲಾರಿ ನಿಲ್ಲಿಸಿ ತಾನೂ ನಾಲ್ಕು ಶೀಟು ಇಳಿಸಿ ಮಜ್ಜಿಗೆ ಕುಡಿದು ಹೋಗುತ್ತಿದ್ದವನು. ಈ ಸಲ ಹೈಡ್ರಾ ಕ್ರೇನು ಕಟ್ಟನ್ನು ಗಲ್ಲಿಯ ಬಾಯಲ್ಲಿ ಇಳಿಸುವಾಗ ದೂರ ನಿಂತು, “ಅಮ್ಮಾ, ಇದು ಕೈ ಹಾಕೋ ಮಾಲಲ್ಲ. ಪಟ್ಟಿ ಕಟ್ ಮಾಡಿದ್ರೆ ಕಂಪ್ಲೇಂಟ್ ತಗೊಳಲ್ಲ ಅಂತ ಬರ್ದವ್ರೆ, ನನ್ ಮೇಲೆ ಬರ್ತದೆ,” ಎಂದು ಮಜ್ಜಿಗೆಯನ್ನೂ ಬೇಡವೆಂದು ಹೋದ. ಮುನಿರತ್ನ ಟ್ರಾಲಿ ತಳ್ಳಿಕೊಂಡು ಬಂದ. ನಾಲಿಗೆ ಕಟ್ಟಿನ ಕೆಳಗೆ ಹೋಗಲಿಲ್ಲ. ಹಿಂದಕ್ಕೆಳೆದು ಮತ್ತೆ ತಳ್ಳಿದ, ಹೋಗಲಿಲ್ಲ. ಇಸ್ತ್ರಿ ಅಂಗಿಯಲ್ಲೇ ರಸ್ತೆಯ ಮೇಲೆ ಬೋರಲು ಮಲಗಿ ಕೈಯಿಂದ ಅಳೆದ. “ಒಂದ್ ಬೆರಳು ಕಮ್ಮಿ ಐತೆ ಕಣಮ್ಮಾ,” ಎಂದ. ತಾವು ಇಟ್ಟ ಮರದ ಕಾಲು ಮೂರು ಬೆರಳು ಎತ್ತರ. ಟ್ರಾಲಿಯ ನಾಲಿಗೆ ನಾಲ್ಕು ಬೆರಳು ದಪ್ಪ.

ಸ್ವಾಮಿ, ನಾನು ತಕರಾರಿನ ಹೆಂಗಸಲ್ಲ. ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಹೊಸ ಆರ್ಡರಿಗೆ ಒಂದು, ಹಳೇ ಆರ್ಡರಿಗೆ ಎರಡು ಒತ್ತಿ ಎಂದು ಒಬ್ಬಾಕೆ ಬಹಳ ಮಧುರವಾಗಿ ಹೇಳಿದಳು. ಗಲ್ಲಿಯ ಬಾಯಲ್ಲಿ ಕೂತ ಆರ್ಡರಿಗೆ ಯಾವುದನ್ನು ಒತ್ತಬೇಕೆಂದು ಮಾತ್ರ ಹೇಳಲಿಲ್ಲ. ನನ್ನ ಮಗ ಗಿರಿ ಬಾಡಿಗೆಗೆ ಒಂದು ಫೋರ್ಕ್‌ಲಿಫ್ಟನ್ನೇ ತರಿಸಿದ. ಅದು ಕಟ್ಟನ್ನು ಅಡ್ಡಲಾಗಿ ಹಿಡಿದು ಎತ್ತಬೇಕು. ಕಟ್ಟು ಎಂಟು ಅಡಿ, ನಮ್ಮ ಗಲ್ಲಿ ಏಳು ಅಡಿ. ಅದರ ಡ್ರೈವರು ಗಲ್ಲಿಯನ್ನು ನೋಡಿದ, ಕಟ್ಟನ್ನು ನೋಡಿದ, ಕಟ್ಟಿನ ಮೇಲೆಯೇ ಕೂತು ನಮ್ಮ ಮನೆಯ ಕಾಫಿ ಕುಡಿದು ಹೊರಟುಹೋದ.

ಕಟ್ಟಿನಿಂದ ಊರಿಗಾದ ಉಪಕಾರವನ್ನು ಹೇಳದಿದ್ದರೆ ಕೃತಘ್ನಳಾದೇನು. ಗಲ್ಲಿಯ ಬಾಯಲ್ಲಿ ಕಾರು ನಿಲ್ಲಿಸುತ್ತಿದ್ದವರು ಈಗ ನಿಲ್ಲಿಸುವುದಿಲ್ಲ. ಕಸದ ಆಟೋ ಒಳಗೆ ಬರಲಾಗದೆ ಇರುವುದರಿಂದ ಕಸ ಹಾಕುವ ನೆಪದಲ್ಲಿ ಬೀದಿಯವರೆಲ್ಲ ದಿನವೂ ಒಂದು ಕಡೆ ಸೇರುತ್ತಾರೆ. ಮೂಲೆಯಲ್ಲಿ ಹೂವು ಮಾರುವ ಕಲಾವತಿ ಇಷ್ಟು ವರ್ಷ ನೆಲದ ಮೇಲೆ ಬುಟ್ಟಿ ಇಡುತ್ತಿದ್ದವಳು ಈಗ ಕಟ್ಟಿನ ಮೇಲೆ ಅಂಗಡಿ ಹೂಡಿದ್ದಾಳೆ. “ಅಕ್ಕಾ, ಇದು ಇಲ್ಲೇ ಇರ್ಲಿ ಬಿಡು, ಸೊಂಟ ನೋವು ಹೋಯ್ತು,” ಎಂದು ನನಗೇ ಹೇಳುತ್ತಾಳೆ. ರಾಜಾನುಕುಂಟೆಯ ಹಾಸ್ಟೆಲಿನ ಅರವತ್ತು ಹುಡುಗಿಯರಿಗೆ ಇದೇ ತಗಡಿನಿಂದ ಟ್ರಂಕು ಆಗಬೇಕು. ಅವರು ಬಟ್ಟೆಬರೆಯನ್ನು ಚೀಲದಲ್ಲೇ ಇಟ್ಟುಕೊಂಡು ಕಲಾವತಿಯ ಸೊಂಟಕ್ಕಾಗಿ ಸಂತೋಷ ಪಡಲಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬೇರೆಯವರ ಬಾಯಿಂದ ತಾವು ಕೇಳುವ ಮೊದಲು ನಾನೇ ಬರೆಯುವುದು ಮರ್ಯಾದೆ. ಹೊಸ ಮಾಲು ಬಂದಾಗ ಅರಿಶಿನ ಕುಂಕುಮ ಇಟ್ಟು, ಅದರ ಮೂಲೆಗೆ ಕಾಯಿ ಒಡೆಯುವುದು ನಮ್ಮ ಮಾವನವರ ಕಾಲದಿಂದ ಬಂದ ಪದ್ಧತಿ. ಬಿಡಿ ಶೀಟು ಬರುತ್ತಿದ್ದಾಗ ಮೇಲಿನ ಶೀಟಿನ ಮೇಲೆ ನೀರು ಬೀಳುತ್ತಿತ್ತು, ಸೆರಗಿನಿಂದ ಒರೆಸುತ್ತಿದ್ದೆ, ಮುಗಿಯಿತು. ಈ ಸಲ ಯಾರೂ ಕೈ ಹಾಕಬಾರದೆಂಬ ಚೀಟಿಗೇ ಕುಂಕುಮ ಇಟ್ಟು ಮೂಲೆಗೆ ಕಾಯಿ ಒಡೆದೆ. ಆ ಮೂಲೆಯ ಪ್ಲಾಸ್ಟಿಕ್ಕು ಕ್ರೇನಿನ ಕೊಕ್ಕೆಗೆ ಸಿಕ್ಕಿ ಹರಿದಿತ್ತೆಂದು ನಾನು ನೋಡಿರಲಿಲ್ಲ. ಎಳನೀರಿನಂಥ ಸಿಹಿ ನೀರು ಒಳಗೆ ಇಳಿಯಿತು. ತಮ್ಮ ಕಟ್ಟಿನ ಹೆಚ್ಚುಗಾರಿಕೆ ನೋಡಿ: ಒಳಗೆ ಹೋದ ಒಂದು ತೊಟ್ಟನ್ನೂ ಅದು ಹೊರಗೆ ಬಿಡಲಿಲ್ಲ.

ಎಂಟನೆಯ ದಿನ ತಮ್ಮ ಕಡೆಯಿಂದ ಸ್ಮಿತಾ ಎಂಬ ಹುಡುಗಿ ತಪಾಸಣೆಗೆ ಬಂದಳು. ಒಳ್ಳೆಯ ಮಗು, ಚಪ್ಪಲಿ ಬಿಟ್ಟು ಮನೆಯೊಳಗೆ ಬಂದಳು. ಅವಳಿಗೆ ಟ್ರಾಲಿ ತೋರಿಸಿದೆವು, ಕಾಲು ತೋರಿಸಿದೆವು, ಮುನಿರತ್ನ ಮತ್ತೆ ಬೋರಲು ಮಲಗಿ ಬೆರಳು ಇಟ್ಟು ತೋರಿಸಿದ. ಅವಳು ಹರಿದ ಮೂಲೆಯನ್ನು ಎತ್ತಿ ನೋಡಿದಳು. ಶೀಟುಗಳ ಅಂಚಿನಲ್ಲಿ ಸುಣ್ಣದಂತೆ ಬಿಳಿ ಮಚ್ಚೆ ಎದ್ದಿತ್ತು. ಮೂಸಿ ನೋಡಿ, “ಅಮ್ಮಾ, ಇದು ಕಾಯಿ ನೀರಾ?” ಎಂದಳು. ಗಿರಿ ಹಿಂದಿನಿಂದ ನನಗೆ ಕಣ್ಣಿನಲ್ಲಿ ಸನ್ನೆ ಮಾಡಿದ. ನಾನು ಹೌದೆಂದೆ. ಈ ವಯಸ್ಸಿನಲ್ಲಿ ಒಂದು ತೆಂಗಿನಕಾಯಿಗೋಸ್ಕರ ಸುಳ್ಳು ಹೇಳುವವಳಲ್ಲ ನಾನು. ಕೆಟ್ಟ ಶೀಟುಗಳು ನನ್ನವು, ಅವಕ್ಕೆ ಬದಲು ಕೇಳುವುದಿಲ್ಲ.

ಮರುದಿನವೇ ತಮ್ಮ ಉತ್ತರ ಗಿರಿಯ ಫೋನಿಗೆ ಬಂತು: ‘ಗ್ರಾಹಕರ ಕಡೆಯಿಂದ ದ್ರವ ಸೇರಿರುವ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ.’ ನಾನು ದೂರಿದ್ದು ಮರದ ಕಾಲನ್ನು. ತಾವು ಮುಕ್ತಾಯ ಮಾಡಿದ್ದು ತೆಂಗಿನಕಾಯಿಯನ್ನು. ಮೇಲೆ ಬಿದ್ದ ನೀರು ಕೆಳಗಿನ ಕಾಲನ್ನು ಒಂದು ಬೆರಳು ಕುಗ್ಗಿಸಿತು ಎಂಬ ಈ ವಿಜ್ಞಾನ ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ ಇರಲಿಲ್ಲ.

ಇಲ್ಲಿಯವರೆಗೆ ನನಗೆ ನಗು ಇತ್ತು. ನಿನ್ನೆ ಮಧ್ಯಾಹ್ನ ನಾನು ಬ್ಯಾಂಕಿನಿಂದ ಹಿಂದಿರುಗುವಾಗ ಗಲ್ಲಿಯ ಬಾಯಲ್ಲಿ ಉಕ್ಕಿನ ಪಟ್ಟಿ ಕತ್ತರಿಸಿ ಬಿದ್ದಿತ್ತು. ಮುನಿರತ್ನ ಕೈಗೆ ಗೋಣಿ ಸುತ್ತಿಕೊಂಡು, ಮಡಿಯದ ಎರಡು ಬೆರಳನ್ನು ಅಂಚಿನಾಚೆಗೆ ಚಾಚಿಕೊಂಡು, ಎಂಟಡಿಯ ಶೀಟನ್ನು ಒಬ್ಬನೇ ಹೊತ್ತು ನಿಂತಿದ್ದ. ಶೀಟು ಗಾಳಿಗೆ ಅಲುಗುತ್ತಿತ್ತು. ನಾನು ಕೂಗಿದ ಕೂಗಿಗೆ ಕಲಾವತಿಯ ಕೈಯಿಂದ ಹೂವಿನ ಮಾರು ಜಾರಿತು. ಇಳಿಸೋ ಕೆಳಗೆ, ಕೈ ತೆಗಿಯೋ ಎಂದೆ. ಶೀಟನ್ನು ಕಟ್ಟಿನ ಮೇಲಕ್ಕೇ ಇಳಿಸಿ ಪ್ಲಾಸ್ಟಿಕ್ ಎಳೆದ. ಆಮೇಲೆ ನನ್ನ ಮುಖ ನೋಡದೆ, “ಗಾಡಿ ಒಳಿಕ್ಕೆ ಓಗಲ್ಲ ಅಂದ್ಮೇಲೆ ನಾನ್ಯಾತಕ್ಕಮ್ಮ ಇಲ್ಲಿ? ಇಂಗೆ ಸುಮ್ಕೆ ಕೂತು ಸಂಬಳ ತಿನ್ನಾಕೆ ನನ್ ಕೈಲಾಗಲ್ಲ. ನಾಳೆಯಿಂದ ಬರಲ್ಲ,” ಎಂದು ಟ್ರಾಲಿಯನ್ನು ತಳ್ಳಿಕೊಂಡು ಹೋಗಿ ಶೆಡ್ಡಿನ ಗೋಡೆಗೆ ಒರಗಿಸಿದ.

ನಾನು ಹೋಗಿ ಕಟ್ಟಿನ ಮೇಲೆ ಕೂತೆ. ಪಟ್ಟಿ ಕಿತ್ತ ಮೇಲೆ ಯಾರು ಬೇಕಾದರೂ ಕೈ ಹಾಕಬಹುದು. ನಾನು ಕೂತಿದ್ದರೆ ಹಾಕಲಾರರು. ಊಟಕ್ಕೆ ಎದ್ದರೆ ಕಲಾವತಿಯನ್ನು ಕೂರಿಸುತ್ತೇನೆ.

ಆದುದರಿಂದ ತಮ್ಮಲ್ಲಿ ನಮ್ರವಾಗಿ ಬೇಡುವುದೇನೆಂದರೆ, ತಾವು ಕಟ್ಟನ್ನು ಬದಲಿಸುವುದು ಸಾಧ್ಯವಿಲ್ಲವಾದರೆ ದಯವಿಟ್ಟು ನಮ್ಮ ಗಲ್ಲಿಯನ್ನು ಬದಲಿಸಿಕೊಡಬೇಕು. ಎರಡೂ ಬದಿಯ ಮನೆಗಳನ್ನು ತಲಾ ಮೂರು ಅಡಿ ಹಿಂದಕ್ಕೆ ತಳ್ಳಿದರೆ ಸಾಕು. ಮನೆಗಳ ಕೆಳಗೆ ಮೊದಲೇ ನಾಲ್ಕು ಬೆರಳಿನ ಕಾಲು ಇಟ್ಟಿದ್ದರೆ ನಮ್ಮ ಟ್ರಾಲಿಯಿಂದಲೇ ತಳ್ಳಿಕೊಡುತ್ತಿದ್ದೆವು. ಅದೂ ಆಗದಿದ್ದರೆ ತಮ್ಮ ಅತಿ ದೊಡ್ಡ ಕ್ರೇನು ಕಳಿಸಿ ಕಟ್ಟನ್ನು ಮನೆಗಳ ಮೇಲಿಂದ ಶೆಡ್ಡಿಗೆ ಇಳಿಸಬೇಕು. ಎತ್ತುವಾಗ ಭಾರದ ಲೆಕ್ಕಕ್ಕೆ ನನ್ನನ್ನೂ ಸೇರಿಸಿಕೊಳ್ಳಿ, ನಾನು ಏಳುವುದಿಲ್ಲ. ಚೀಟಿಯ ಮೇಲಿನ ಅಂಗೈಯ ಚಿತ್ರವನ್ನೂ ತಿದ್ದಿಸಬೇಕು. ಐದೂ ಬೆರಳು ನೆಟ್ಟಗಿರುವ ಆ ಕೈ ತಗಡು ಹೊತ್ತವರದ್ದಲ್ಲ. ನಿಜವಾದ ಕೈ ಬೇಕಾದರೆ ಮುನಿರತ್ನನನ್ನು ಕರೆಸಿ ಬರೆಸಿಕೊಳ್ಳಿ. ಇವು ಯಾವುವೂ ಆಗದಿದ್ದರೆ, ಮುಂದಿನ ಸಲ ಮರದ ಕಾಲನ್ನು ಒಂದು ಬೆರಳು ಎತ್ತರ ಮಾಡಿಸಿ. ಅಷ್ಟೇ.

ತಾವು ಕಾರ್ಯಬಾಹುಳ್ಯದಲ್ಲಿ ಓದದೆ ಹೋದರೂ ದಾರಿಯಲ್ಲಿ ಹೋಗುವವರು ಓದಲಿ ಎಂದು ಇದರ ಇನ್ನೊಂದು ಪ್ರತಿಯನ್ನು ಕಟ್ಟಿಗೇ, ತಮ್ಮ ಚೀಟಿಯ ಪಕ್ಕದಲ್ಲಿ ಅಂಟಿಸುತ್ತಿದ್ದೇನೆ.

ಒಂದು ಬೆರಳಿನಷ್ಟು ಮಾತ್ರ ಕಮ್ಮಿಯಾದ ನಂಬಿಕೆಯೊಡನೆ,

ತಮ್ಮ ವಿಶ್ವಾಸಿ,
ಮುನಿಕೃಷ್ಣಮ್ಮ

ಮರೆತ ಮಾತು: ನಿನ್ನೆ ಅಂಟಿಸಿದ ಪ್ರತಿಯನ್ನು ಇವತ್ತು ಬೆಳಗ್ಗೆ ಮೊದಲು ಓದಿದವನು ಮುನಿರತ್ನ. ಬರುವುದಿಲ್ಲ ಎಂದಿದ್ದವನು ಸಂಬಳದ ಲೆಕ್ಕ ತೀರಿಸಿಕೊಂಡು ಹೋಗಲು ಬಂದಿದ್ದನಂತೆ. ಮನೆಗಳ ಕೆಳಗೆ ಕಾಲು ಇಡುವ ಸಾಲಿಗೆ ಬಂದು ನಿಂತ. ಎರಡನೇ ಸಲ ಓದಿದ. “ಅಮ್ಮಾ, ಮನೆ ಬ್ಯಾಡ, ಕಟ್ಟಿನ ಕಾಲ್ ಕೆಳೀಕೇ ಒಂದ್ ಬೆರಳು ಹಲಗೆ ಕೊಟ್ರೆ?” ಎಂದ. ಹನ್ನೊಂದು ದಿನ ನಾವೆಲ್ಲ ಕಟ್ಟನ್ನೂ ನಾಲಿಗೆಯನ್ನೂ ಅಳೆದೆವೇ ಹೊರತು ನೆಲವನ್ನು ನೋಡಿರಲಿಲ್ಲ. ಒಂದು ಬೆರಳು ದಪ್ಪದ ಗಟ್ಟಿ ಹಲಗೆ ಎಂದರೆ ಮನೆಯಲ್ಲಿ ಇದ್ದದ್ದು ನಾನೂ ಯಜಮಾನರೂ ಮದುವೆಯಲ್ಲಿ ಕೂತಿದ್ದ ಎರಡು ಹಲಸಿನ ಮಣೆ. ಅವನ್ನು ಅಡ್ಡಕ್ಕೆ ಕೊಯ್ಯಿಸಿ ನಾಲ್ಕು ಮಾಡಿಸಿದೆ. ಗಿರಿ ಹಾರೆಯಿಂದ ಒಂದೊಂದೇ ಮೂಲೆ ಮೀಟಿದ, ಮುನಿರತ್ನ ಕೋಲಿನಿಂದ ಮಣೆಯ ಚೂರು ಒಳಗೆ ತಳ್ಳಿದ, ಟ್ರಾಲಿ ಒಳಗೆ ಹೋಯಿತು. ಎಡಗೈಯಲ್ಲಿ ಒಂಬತ್ತು ಸಲ ಒತ್ತಿದ, ಕಟ್ಟು ಎದ್ದಿತು, ಎಲ್ಲರೂ ಹಿಂದಿನಿಂದ ಮರದ ಕಾಲಿಗೆ ಕೋಲು ಕೊಟ್ಟು ಶೆಡ್ಡಿನವರೆಗೂ ತಳ್ಳಿದರು, ಹಿಡಿ ಮಾತ್ರ ಅವನ ಕೈಯಲ್ಲಿತ್ತು. ಒಬ್ಬರ ಕೈಯೂ ತಗಡಿಗೆ ತಾಗಲಿಲ್ಲ. ಕಲಾವತಿ ಮಾತ್ರ ಮುಖ ಗಂಟು ಹಾಕಿಕೊಂಡು ಬುಟ್ಟಿಯನ್ನು ಮತ್ತೆ ನೆಲಕ್ಕಿಟ್ಟಳು.

ನಾಲ್ಕರಲ್ಲಿ ಒಂದು ಚೂರನ್ನು ಅಳತೆಗೆಂದು ಈ ಪತ್ರದೊಂದಿಗೆ ಪಾರ್ಸಲು ಮಾಡುತ್ತಿದ್ದೇನೆ. ಹಳೇ ಪೇಪರು ಸುತ್ತಿ, ಕಲಾವತಿಯ ಬಾಳೆನಾರಿನಿಂದ ಕಟ್ಟಿಸಿದ್ದೇನೆ. ಚೀಟಿಯನ್ನು ಮುನಿರತ್ನನೇ ಬರೆದಿದ್ದಾನೆ: ‘ಕೈಯಿಂದಲೇ ಬಿಚ್ಚತಕ್ಕದ್ದು.’ ಅಕ್ಷರ ಸೊಟ್ಟಗಿದೆ. ಬರೆದದ್ದು ಬಲಗೈಯಲ್ಲಿ.