ಲಾರಿ ಗಂಟಿನ ಬಾಣಂತನ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ವರ್ಷತೊಡಕಿನ ದಿನ. ಯುಗಾದಿಯ ಮಾರನೇ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಅಂಟಿಕೊಳ್ಳುತ್ತದೆ ಅಂತ ನಮ್ಮ ಕಡೆ ನಂಬಿಕೆ. ಅದಕ್ಕೇ ಆವತ್ತು ಯಾರೂ ಅಳುವುದಿಲ್ಲ, ಜಗಳ ಆಡುವುದಿಲ್ಲ, ಮಾಂಸದ ಸಾರು ಮಾಡಿ ಹೊಟ್ಟೆ ತುಂಬ ಉಣ್ಣುತ್ತಾರೆ. ನಾನು ಉಂಡು ಕೈ ತೊಳೆದವನೇ ಏಳನೇ ಕ್ಲಾಸನ್ನು ಅಲ್ಲಿಗೇ ಬಿಟ್ಟು ಅರಸೀಕೆರೆಯಲ್ಲಿ ಕೊಬ್ಬರಿ ಲಾರಿ ಹತ್ತಿದೆ. ಅಂಟಿಕೊಂಡಿತು. ಅವತ್ತಿನಿಂದ ಹೊರಡುವುದೇ ನನ್ನ ಕಸುಬು. ಲಾರಿಗೆ ಹಗ್ಗ ಬಿಗಿಯುವುದು ಕಲಿತೆ, ಊರೂರು ಅಲೆದೆ. ನಿಂತ ಕಡೆಯಲ್ಲೆಲ್ಲ ನನ್ನಿಂದ ಏನಾದರೂ ಎಡವಟ್ಟಾಗಿ ಜನ ನಗುತ್ತಿದ್ದರು. ಈ ಸಲ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಎಡವಟ್ಟು ಅದನ್ನೆಲ್ಲ ಕೇಳುತ್ತದೆಯೇ?

ಹಳೇಬೀಡಿನಲ್ಲಿ ನನ್ನ ತಂಗಿ ಇದ್ದಾಳೆ. ಅವಳ ಗಂಡ ಗೂಡ್ಸ್ ಆಟೋದಲ್ಲಿ ತೆಂಗಿನಕಾಯಿ ಸಾಗಿಸುತ್ತಿದ್ದ. ಅವಳಿಗೆ ಏಳು ತಿಂಗಳಿದ್ದಾಗ ಎದೆನೋವು ಅಂತ ಜಗಲಿ ಮೇಲೆ ಕೂತವನು ಮತ್ತೆ ಏಳಲಿಲ್ಲ. ನಮ್ಮವ್ವ ಹೋಗಿ ಬಹಳ ಕಾಲವಾಯಿತು. ಮಾಗಿ ಚಳಿಯಲ್ಲಿ ಹೆಣ್ಣುಮಗು ಹುಟ್ಟಿದಾಗ ಬಾಣಂತನಕ್ಕೆ ತವರಿನ ಕಡೆಯಿಂದ ಉಳಿದವನು ನಾನೊಬ್ಬನೇ. ಗಂಡನ ಕಡೆಯಿಂದ ಕಣಕಟ್ಟೆಯ ಸೋದರತ್ತೆ ಬಂದಿದ್ದರು, ಆದರೆ ಅವರಿಗೆ ಮಂಡಿ ಮಡಚಲು ಆಗದು. ಹಾಗಾಗಿ ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳುವುದು, ನಾನು ನೆಲದಲ್ಲಿ ಕೂತು ಮಾಡುವುದು.

ತಂಗಿ ಮಾತ್ರ ಏನೂ ಹೇಳುತ್ತಿರಲಿಲ್ಲ. ಗಂಡನನ್ನು ಹೊತ್ತೊಯ್ಯುವಾಗಲೂ ಅಳಲಿಲ್ಲವಂತೆ. ಮಗುವನ್ನು ಎದೆಗೆ ಇಟ್ಟರೆ ಇಟ್ಟ ಹಾಗೆ, ತೆಗೆದರೆ ತೆಗೆದ ಹಾಗೆ. ಅವಳ ಮುಖ ಗೋಡೆ ಕಡೆಗೆ. ಮಗು ಒಂದಿಷ್ಟು ಚೀಪಿ, ಏನೂ ಸಿಗದೆ ಕಿರುಚುತ್ತಿತ್ತು. ಪುಡಿ ಹಾಲನ್ನು ಒಳಲೆಯಲ್ಲಿ ಕುಡಿಸಿದರೆ ಅರ್ಧ ಕಕ್ಕುತ್ತಿತ್ತು. ಮನೆಗೆ ಬಂದು ನೋಡಿ ಹೋಗುವ ನರ್ಸಮ್ಮ ನನ್ನನ್ನು ಬಾಗಿಲಾಚೆ ಕರೆದು, "ತೂಕ ಏರ್ತಿಲ್ಲ ಕಣಪ್ಪ. ತಾಯಿ ಹಾಲು ಇಳೀಬೇಕು. ಮುಂದಿನ ಸಲವೂ ಹೀಗೇ ಆದ್ರೆ ಮಗೂನ ಹಾಸನಕ್ಕೆ ಸೇರಿಸ್ಬೇಕಾಗುತ್ತೆ" ಅಂದರು.

ಐದು ಕೆಜಿ

ಡೈಪರ್ ತರಬೇಕಿತ್ತು. ಹಳೇಬೀಡಿನಲ್ಲಿ ಎಲ್ಲರೂ ಗುರುತಿನವರು, ಗಂಡಸು ಹೋಗಿ ಹೇಗೆ ಕೇಳುವುದು ಅಂತ ಬಸ್ಸು ಹತ್ತಿ ಬೇಲೂರಿಗೆ ಹೋದೆ. ಔಷಧಿ ಅಂಗಡಿಯವನು, "ಎಷ್ಟು ಕೆಜಿ?" ಅಂದ.

ಇದನ್ನೂ ತೂಗಿ ಕೊಡುತ್ತಾರೆ ಅಂತ ನನಗೇನು ಗೊತ್ತು? ಯೋಚನೆ ಮಾಡಿ, "ಸದ್ಯಕ್ಕೆ ಐದು ಕೆಜಿ ಕೊಡಿ. ಸಾಲದಿದ್ರೆ ಮತ್ತೆ ಬರ್ತೀನಿ" ಅಂದೆ. ಅವನು ಒಂದು ಸಲ ನನ್ನ ಮುಖ ನೋಡಿ, ಐದು ಕೆಜಿ ತೂಗುವ ಮಗುವಿನ ಪ್ಯಾಕೆಟ್ಟು ಇಳಿಸಿಕೊಟ್ಟ. ಅದು ನನ್ನ ಚೀಲದೊಳಗೆ ಹಿಡಿಸಲಿಲ್ಲ. ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರು ಪ್ಯಾಕೆಟ್ಟಿನ ಮೇಲೆ ನಗುತ್ತಿದ್ದ ಮಗುವಿನ ಚಿತ್ರ ನೋಡಿ, "ಇದಕ್ಕೆ ಟಿಕೆಟ್ ಬೇಡ ಬಿಡಿ" ಅಂದ. ಬಸ್ಸಿನ ತುಂಬ ಹಳೇಬೀಡಿನವರೇ ಇದ್ದರು.

ಮನೆಗೆ ಬಂದು ತೊಡಿಸಿದೆ. ಕಂಕುಳ ತನಕ ಬಂತು. ಅತ್ತೆ ಕುರ್ಚಿಯಿಂದಲೇ ಬಗ್ಗಿ ನೋಡಿದರು. "ಏನ್ಲಾ ಇದು, ಸ್ವೆಟ್ರು ತಂದಿದ್ದೀಯಾ?"

ಸಬ್ಬಸಿಗೆ ಸೊಪ್ಪು

ಬಾಣಂತಿಗೆ ಹಾಲಿಲ್ಲ ಅನ್ನುವುದು ಬೀದಿಗೆಲ್ಲ ಗೊತ್ತಾಯಿತು. ಒಬ್ಬರು ಸಬ್ಬಸಿಗೆ ಪಲ್ಯ ತಂದರು, ಒಬ್ಬರು ಬೆಳ್ಳುಳ್ಳಿ ಹುರಿದು ಕಲಸಿದ ಅನ್ನ, ಇನ್ನೊಬ್ಬರು ಒಣಮೀನಿನ ಸಾರು. ತಂಗಿ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಬಾಣಂತಿ ಊಟ ತಿಪ್ಪೆಗೆ ಹೋಗಬಾರದು ಅಂತ ಅತ್ತೆಯ ಕಟ್ಟಪ್ಪಣೆ. ಲಾರಿಯವರ ಹೊಟ್ಟೆ, ಬೇಡ ಅನ್ನುವುದು ಗೊತ್ತಿಲ್ಲ. ಸ್ವಲ್ಪ ದಿನಕ್ಕೇ ಅಂಗಿ ಗುಂಡಿ ಹಾಕಲು ಉಸಿರು ಹಿಡಿಯಬೇಕಾಯಿತು.

ಒಂದು ಸಂಜೆ ಪಕ್ಕದ ಮನೆಯಾಕೆ ಬಂದು ಮೆಲ್ಲಗೆ, "ಹಾಲು ಬಂತೇನತ್ತೆ?" ಅಂದಳು.

ಅತ್ತೆ ನನ್ನ ಕಡೆ ಬೆರಳು ತೋರಿಸಿದರು. "ಬಂದ್ರೆ ಇವನಿಗೇ ಬರಬೇಕು ಕಣೇ. ತಿಂತಾ ಇರೋನು ಇವನು!"

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ತಂಗಿಯ ಕಡೆ ನೋಡಿದೆ. ಗೋಡೆ ನಕ್ಕರೂ ನಕ್ಕೀತು, ಅವಳು ನಗಲಿಲ್ಲ.

ಪಂಚೆ

ಡೈಪರಿಗೆ ಮಗುವಿನ ತೊಡೆಯೆಲ್ಲ ಕೆಂಪಾಗಿ ಗುಳ್ಳೆ ಎದ್ದಿತು. ಬಟ್ಟೆಯೇ ಕಟ್ಟಬೇಕು ಅಂದರು ಅತ್ತೆ. ಹಸುಗೂಸಿಗೆ ಹೊಸ ಬಟ್ಟೆ ಹಾಕಬಾರದು, ಉಟ್ಟು ಒಗೆದು ಸವೆದ ಹಳೇ ಬಟ್ಟೆಯೇ ಆಗಬೇಕು. ಆ ಮನೆಯಲ್ಲಿ ಅಷ್ಟು ಮೆತ್ತಗಾಗಿದ್ದದ್ದು ಒಂದೇ: ಟ್ರಂಕಿನಲ್ಲಿ ತಂಗಿ ಮಡಚಿಟ್ಟಿದ್ದ ಭಾವನ ಪಂಚೆಗಳು.

"ತೆಗೀಲೇನವ್ವ?" ಅಂತ ಅತ್ತೆ ಕೇಳಿದರು. "ಅಪ್ಪನ ಕೈಯಂತೂ ಸೋಕಲಿಲ್ಲ, ಬಟ್ಟೆಯಾದ್ರೂ ಸೋಕಲಿ" ಅಂತ ಅತ್ತೆಯೇ ಒಂದನ್ನು ಎಳೆದು ಪರ್ರನೆ ಹರಿದರು. ಆ ಸದ್ದಿಗೆ ಗೋಡೆ ಕಡೆ ತಿರುಗಿದ್ದ ತಂಗಿಯ ಭುಜ ಒಮ್ಮೆ ಅಲುಗಿತು.

ನಾನು ಕಟ್ಟಿದೆ, ಜಾರಿತು. ಮತ್ತೆ ಕಟ್ಟಿದೆ, ಮತ್ತೆ ಜಾರಿತು. ಕೊನೆಗೆ ನನಗೆ ಗೊತ್ತಿದ್ದ ಒಂದೇ ಗಂಟು ಹಾಕಿದೆ, ಲಾರಿ ಟಾರ್ಪಾಲಿಗೆ ಹಾಕುವುದು. ಹೊಟ್ಟೆಗೆ ಬಿಗಿಯುವುದಿಲ್ಲ, ಎಷ್ಟು ಒದ್ದರೂ ಜಾರುವುದಿಲ್ಲ. ಭಾವ ಆಟೋ ಕೊಂಡ ಹೊಸದರಲ್ಲಿ ಅವನಿಗೂ ನಾನೇ ಕಲಿಸಿದ್ದೆ.

ಅತ್ತೆ ಹಣೆ ಚಚ್ಚಿಕೊಂಡರು. "ಮಗೀಗೆ ಬಟ್ಟೆ ಕಟ್ಟು ಅಂದ್ರೆ, ಬೊಂಬಾಯಿಗೆ ಲೋಡು ಕಳಿಸೋ ಹಂಗೆ ಕಟ್ಟಿದ್ದೀಯಲ್ಲೋ!"

ಕತ್ತರಿ

ಅದೇ ಮಧ್ಯಾಹ್ನ ನರ್ಸಮ್ಮ ಮತ್ತೆ ಬಂದರು. ಹಾಸನವೋ ಮನೆಯೋ ಅನ್ನುವುದು ಅವತ್ತು ಗೊತ್ತಾಗಬೇಕು. ತೂಕ ಹಾಕಲು ಒದ್ದೆ ಬಟ್ಟೆ ಬಿಚ್ಚಬೇಕಲ್ಲ? ಎಳೆದರು, ಉಗುರಿನಲ್ಲಿ ಕೆದಕಿದರು. "ಯಾವ ಪುಣ್ಯಾತ್ಮ ಕಟ್ಟಿದ್ದು ಇದನ್ನ?"

"ಅಗೋ ಅಲ್ಲಿ ನಿಂತವ್ನೆ ನೋಡಿ" ಅಂದರು ಅತ್ತೆ.

ನಾನು ಕೂತೆ. ಹಗ್ಗವಾದರೆ ಕಣ್ಣು ಮುಚ್ಚಿಕೊಂಡು ಬಿಚ್ಚುತ್ತೇನೆ. ಉಚ್ಚೆಗೆ ನೆನೆದು ಊದಿದ ಹಳೇ ಪಂಚೆ ಬೇರೆ. ನನ್ನ ದಪ್ಪ ಬೆರಳು ಒಳಗೇ ಹೋಗಲಿಲ್ಲ. ಮಗು ಅತ್ತು ನೀಲಿಗಟ್ಟುತ್ತಿತ್ತು. ನರ್ಸಮ್ಮ ಬ್ಯಾಗಿನಿಂದ ಕತ್ತರಿ ತೆಗೆದರು.

"ಕತ್ರಿ ಹಾಕ್ಬೇಡಿ! ಅವರ ಪಂಚೆ ಅದು!"

ಯಾರ ದನಿ ಅಂತ ಮೂವರೂ ತಿರುಗಿ ನೋಡುವಷ್ಟರಲ್ಲಿ ತಂಗಿ ಎದ್ದು ಕೂತು ಮಗುವನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಹಲ್ಲಿನಲ್ಲಿ ತುದಿ ಕಚ್ಚಿ, ಹೆಬ್ಬೆರಳಿನಿಂದ ಒಳಗೆ ನೂಕಿ, ಒಂದು ಸಲ ತಿರುಚಿದಳು. ಗಂಟು ಬಿಟ್ಟಿತು.

"ದಿನಾ ನನ್ ಕೈಲೇ ಮೂಟೆ ಬಿಚ್ಚಿಸ್ತಿದ್ರು" ಅಂದಳು. "ನಿನ್ ಬೆರಳು ಸಣ್ಣ, ಬೇಗ ಬರ್ತದೆ ಬಾ ಅಂತ..." ಮಾತು ಮುಗಿಯಲಿಲ್ಲ. ಪಂಚೆಯ ಚೂರನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಎಷ್ಟು ತಿಂಗಳಿಂದ ಹಿಡಿದಿಟ್ಟಿದ್ದಳೋ, ಅಷ್ಟನ್ನೂ ಅತ್ತಳು. ಅಳುತ್ತಲೇ ಮಗುವನ್ನು ಎದೆಗೆ ಇಟ್ಟುಕೊಂಡಳು. ನಾನು ಬಾಗಿಲ ಕಡೆ ಮುಖ ಮಾಡಿ ಕೂತೆ. ಸ್ವಲ್ಪ ಹೊತ್ತಿಗೆ ಮಗು ನುಂಗುವ ಸದ್ದು ಕೇಳಿಸಿತು, ಗುಟುಕ್, ಗುಟುಕ್ ಅಂತ. ಯಾರೂ ಮಾತಾಡಬೇಡಿ ಅಂತ ನರ್ಸಮ್ಮ ಕೈ ಎತ್ತಿದರು.

ಅತ್ತೆಗೆ ತಡೆಯಲಾಗಲಿಲ್ಲ. ಮೂಗು ಒರೆಸಿಕೊಂಡು ಪಿಸುಗುಟ್ಟಿದರು, "ತೂಕ?"

"ತೂಕ ಹಾಳಾಗ್ಲಿ, ಸುಮ್ನಿರಿ" ಅಂದರು ನರ್ಸಮ್ಮ. ಬಟ್ಟೆಯಿಲ್ಲದ ಮಗು ಅಷ್ಟರಲ್ಲಿ, ತಂಗಿಗೆ ಒತ್ತಿ ಕೂತಿದ್ದ ಅವರ ಸೀರೆ ಪೂರ್ತಿ ನೆನೆಸಿತ್ತು. ಮೇಲೆ ಲೋಡಾಗುತ್ತಿತ್ತು, ಕೆಳಗೆ ಖಾಲಿಯಾಗುತ್ತಿತ್ತು.

ಒಂದೇ ದಿನಕ್ಕೆ ಹಾಲು ಹರಿದು ಬಂತು ಅಂತ ನಾನು ಹೇಳುವುದಿಲ್ಲ. ಒಳಲೆ ಇನ್ನೂ ಕೆಲವು ದಿನ ಬೇಕಾಯಿತು. ಆದರೆ ಅವಳ ಮುಖ ಮತ್ತೆ ಗೋಡೆಗೆ ತಿರುಗಲಿಲ್ಲ. ಮುಂದಿನ ಸಲ ಬಂದ ನರ್ಸಮ್ಮ ನನ್ನನ್ನು ಬಾಗಿಲಾಚೆ ಕರೆಯಲಿಲ್ಲ. ತೂಕವನ್ನು ಎಲ್ಲರ ಮುಂದೆ ಜೋರಾಗಿ ಹೇಳಿದರು.

ವರ್ಷತೊಡಕು

ಯುಗಾದಿ ಬಂತು. ನನ್ನ ಕಾಲು ತುರಿಸತೊಡಗಿತ್ತು. ಅರಸೀಕೆರೆಯಿಂದ ಲಾರಿಯೊಂದು ಹೊರಡುವುದಿತ್ತು, ಹೊರಡುವ ದಿನ ನೋಡಿದರೆ ಅದೇ ವರ್ಷತೊಡಕು. ಸಾರಿಗೆ ಮಸಾಲೆ ರೆಡಿ ಮಾಡಿಕೊಟ್ಟು ಬ್ಯಾಗು ತುಂಬಿಸುತ್ತಿದ್ದೆ. ತಂಗಿಯ ಕಣ್ಣು ಕೆಂಪಾಗಿತ್ತು.

"ಇವತ್ತು ಅಳಬಾರದು ಕಣೇ" ಅಂದರು ಅತ್ತೆ.

"ಅಳ್ತಿಲ್ಲ ಅತ್ತೆ, ಈರುಳ್ಳಿ ಹೆಚ್ತಿದ್ದೆ" ಅಂದಳು. ಈರುಳ್ಳಿ ಹೆಚ್ಚಿದ್ದು ನಾನು.

ಒಂದು ಸಲ ಎತ್ತಿಕೊಂಡು ಹೋಗೋಣ ಅಂತ ಮಗುವನ್ನು ಎತ್ತಿದೆ. ಅದು ನನ್ನ ಮುಖವನ್ನೇ ದಿಟ್ಟಿಸಿ ನೋಡುತ್ತ, ಒಗೆದು ಇಸ್ತ್ರಿ ಮಾಡಿಸಿದ ಅಂಗಿಯ ಮೇಲೆ ಎದೆಯಿಂದ ಹೊಟ್ಟೆಯವರೆಗೆ ಉಚ್ಚೆ ಬಿಟ್ಟಿತು. ಅತ್ತೆ ಕುರ್ಚಿಯಲ್ಲೇ ಕುಣಿದರು. "ಆಯ್ತಲ್ಲ! ವರ್ಷತೊಡಕಿನ ದಿನ ಮಾವನ ಮೇಲೆ ಮಾಡ್ತು. ಇನ್ನು ವರ್ಷವೆಲ್ಲ ಮಾಡ್ಬೇಕು. ಮಾಡಿಸ್ಕೊಳ್ಳೋಕೆ ನೀನು ಬತ್ತಾ ಇರ್ಬೇಕು!"

ತಂಗಿ ನಕ್ಕಳು. ಬಾಯಿಗೆ ಸೆರಗು ಇಟ್ಟುಕೊಳ್ಳದೆ, ಚಿಕ್ಕವಳಿದ್ದಾಗ ನಗುತ್ತಿದ್ದ ಹಾಗೆ.

ಒದ್ದೆ ಅಂಗಿ ಬಿಚ್ಚಿ ಬೇರೆ ಹಾಕಿಕೊಂಡೆ. ಒದ್ದೆಯದನ್ನು ಬ್ಯಾಗಿನ ಮೇಲಿಟ್ಟು ಹಗ್ಗ ಸುತ್ತಿ ನನ್ನ ಗಂಟು ಹಾಕಿದೆ. ನೀರು ಕುಡಿದು ಬರುವಷ್ಟರಲ್ಲಿ ಗಂಟು ಬಿಚ್ಚಿತ್ತು, ಅಂಗಿ ತಂಗಿಯ ಬಕೆಟ್ಟಿನಲ್ಲಿತ್ತು.

"ಒಗೆದು ಕೊಡ್ತೀನಿ. ಒಣಗಿದ ಮೇಲೆ ಹೋಗು."

"ಬಸ್ಸು ತಪ್ಪುತ್ತೆ ಕಣೇ" ಅಂತ ನಾನು ಮತ್ತೆ ಹಗ್ಗ ಸುತ್ತಿದೆ. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಕಟ್ಟುವುದು ಮುಗಿಯಲಿ ಅಂತ ಕಾಯುತ್ತಿದ್ದಳು.