ನಾಲ್ಕು ಹನಿ ಆಂಟಿಬಾಡಿ

ಲ್ಯಾಬ್ ಕೆಲಸ ಅಂದರೆ ಬಹಳ ಶಿಸ್ತು ಅಂತ ಜನ ತಿಳಿದಿದ್ದಾರೆ. ಅವರು ಗುಂಡ್ಲುಪೇಟೆಯ ನಮ್ಮ ಲ್ಯಾಬಿಗೆ ಬಂದವರಲ್ಲ. ಊರಿಗೆ ಮೊಬೈಲು ಹೊಸದಾಗಿ ಬಂದಿದ್ದ ಆ ಕಾಲದಲ್ಲಿ ಅಲ್ಲಿದ್ದವರು ಇಬ್ಬರೇ: ಟೆಕ್ನಿಷಿಯನ್ ಆಗಿ ನಾನು, ಹಣೆ ತುಂಬ ವಿಭೂತಿ ಧರಿಸುವ ವಯಸ್ಸಾದ ಅಟೆಂಡರು. ಫಜೀತಿಗೇನೂ ಕೊರತೆ ಇರಲಿಲ್ಲ.

೧. ಪಾರ್ಸೆಲ್ಲು

ರಕ್ತ ಪರೀಕ್ಷೆಗೆ ಬೇಕಾದ ಆಂಟಿಬಾಡಿ ಅನ್ನುವ ದ್ರವಕ್ಕಾಗಿ ಮೂರು ತಿಂಗಳು ಕಾದಿದ್ದೆವು. ತಣ್ಣಗಿಡದೆ ಅದು ಕೆಟ್ಟರೆ ಪ್ರಾಜೆಕ್ಟು ನಿಲ್ಲುತ್ತೆ, ನಿನ್ನ ಕೆಲಸವೂ ಹೋಗುತ್ತೆ ಅಂತ ಮೇಲಿನವರು ಮೊದಲೇ ಹೇಳಿದ್ದರು. ಚಾಮರಾಜನಗರಕ್ಕೆ ಹೋಗಿ, ಟಿವಿ ಹಿಡಿಸುವಷ್ಟು ದೊಡ್ಡ ಥರ್ಮೋಕೋಲ್ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ. ತೆಗೆದರೆ ಬರೀ ಐಸು. ನಡುವೆ ಕಿರುಬೆರಳಿನಷ್ಟು ಸೀಸೆ, ಅದರ ತಳದಲ್ಲಿ ನಾಲ್ಕು ಹನಿ.

ಅಟೆಂಡರು ಬಗ್ಗಿ ನೋಡಿ ಕನಿಕರಪಟ್ಟರು. "ದಾರೀಲೆ ಎಲ್ಲಾ ಚೆಲ್ಲೋಗದೆ ಸಾ. ಯಾರ್ಗೂ ಯೋಳ್ಬ್ಯಾಡಿ, ಒಸಿ ನೀರು ಬೆರ್ಸುಬುಡನ."

೨. ಮಜ್ಜಿಗೆ

ಫ್ರಿಜ್ಜಿನ ಮೇಲೆ 'ಊಟ ತಿಂಡಿ ಇಡಬಾರದು' ಅಂತ ಚೀಟಿ ಇತ್ತು. ಒಳಗೆ ಅಟೆಂಡರ ಮಜ್ಜಿಗೆ ಚೊಂಬು ಇತ್ತು. ಒಂದು ದಿನ ಅವರು, "ಆ ಸೀಸೆ ಏನ್ಮಾಡ್ತದೆ ಸಾ?" ಅಂದರು.

"ರಕ್ತದ ಬಿಳಿ ಕಣದ ಮೈಮೇಲೆ ಒಂದು ಪ್ರೋಟೀನ್ ಇರುತ್ತೆ. ಇದು ಹುಡುಕಿಕೊಂಡು ಹೋಗಿ ಅದಕ್ಕೇ ಅಂಟಿಕೊಳ್ಳುತ್ತೆ. ಮೈಕ್ರೋಸ್ಕೋಪಲ್ಲಿ ಹಸಿರಾಗಿ ಹೊಳೆಯುತ್ತೆ."

"ಯಾತ್ರಿಂದ ಮಾಡ್ತಾರೆ?"

"ಇಲಿಯಿಂದ."

ಅವರು ಎದ್ದು ಚೊಂಬು ತೆಗೆದು, ಮಜ್ಜಿಗೆಯನ್ನು ಹಿತ್ತಲಿಗೆ ಸುರಿದು, ಇನ್ನೊಮ್ಮೆ ವಿಭೂತಿ ಹಚ್ಚಿಕೊಂಡರು. ಮೂರು ವರ್ಷದಿಂದ ಚೀಟಿಯ ಕೈಲಾಗದ್ದನ್ನು ಇಲಿ ಮಾಡಿತು.

೩. ಜ್ಯೂಸ್ ಅಂಗಡಿ

ಒಮ್ಮೆ ಬೆಳಗ್ಗೆಯೇ ಕರೆಂಟು ಹೋಯಿತು. ಹೆದ್ದಾರಿ ಪಕ್ಕದ ಜ್ಯೂಸ್ ಅಂಗಡಿಯ ಸಾಹೇಬರ ಹತ್ತಿರ ಜನರೇಟರ್ ಇತ್ತು. "ತಣ್ಣಗಿರಬೇಕು, ಬಾಗಿಲು ಸುಮ್ಮಸುಮ್ಮನೆ ತೆಗೀಬೇಡಿ" ಅಂತ ಹೇಳಿ ಸೀಸೆಯನ್ನು ಅವರ ಫ್ರಿಜ್ಜಿನಲ್ಲಿಟ್ಟು ಬಂದೆ.

ಸಂಜೆ ಹೋದರೆ ಲಾರಿ ಡ್ರೈವರುಗಳು ಜಗಳಕ್ಕೆ ನಿಂತಿದ್ದರು. ಸಾಹೇಬರು ಫ್ರಿಜ್ಜಿಗೆ ಬೀಗ ಜಡಿದು, ಇಡೀ ದಿನ ಬೆಚ್ಚನೆಯ ಸೋಡಾ ಮಾರಿದ್ದರು. "ನಂಬಿ ಕೊಟ್ಟಿದ್ದೀರಲ್ಲ ಸಾರ್, ಬಾಗ್ಲು ಹೆಂಗೆ ತೆಗೀಲಿ?" ಅಂದರು.

೪. ಆಯುಧಪೂಜೆ

ಹಬ್ಬಕ್ಕೆ ಎರಡು ದಿನ ಊರಿಗೆ ಹೋಗಿದ್ದೆ. ವಾಪಸು ಬಂದು ನೋಡಿದರೆ ಲ್ಯಾಬೆಲ್ಲ ಕುಂಕುಮ. ಫ್ರಿಜ್ಜಿಗೆ ಚೆಂಡು ಹೂವಿನ ಹಾರ, ಅದರ ಸುತ್ತ ಕೆಂಪು ಹಸಿರು ಸೀರಿಯಲ್ ಸೆಟ್ಟು ಮಿಣಮಿಣ ಅನ್ನುತ್ತಿತ್ತು. ಅದರ ವೈರು ಹಿಡಿದು ಹೋದೆ. ಫ್ರಿಜ್ಜಿನ ಪ್ಲಗ್ಗು ಕಿತ್ತು ಅಲ್ಲಿಗೇ ಸಿಕ್ಕಿಸಿದ್ದರು.

ಬಾಗಿಲು ತೆಗೆದೆ. ಒಳಗೆಲ್ಲ ಬೆಚ್ಚಗೆ. ಸೀಸೆ ಇಲ್ಲ. "ಏನ್ ಮಾಡಿಬಿಟ್ರಿ ಯಜಮಾನ್ರೇ! ನನ್ನ ಕೆಲಸ ಹೋಯ್ತು!"

"ಕೂಗಾಡ್ಬ್ಯಾಡಿ ಸಾ. ಪ್ಲಗ್ ಕೀಳಕೆ ಮುಂಚೆನೇ ಸೀಸೆನ ಸಾಹೇಬ್ರ ತಾವ ಕೊಟ್ಬುಟ್ಟು ಬಂದಿವ್ನಿ."

ಓಡಿದೆ. ಗೋಪಾಲಸ್ವಾಮಿ ಬೆಟ್ಟದಿಂದ ಇಳಿದು ಬಂದ ಜನವೆಲ್ಲ ಬೆಚ್ಚನೆಯ ಸೋಡಾ ಕುಡಿಯುತ್ತ ಬೈಯುತ್ತಿದ್ದರು. ಬೀಗ ಹಾಗೇ ಇತ್ತು. ಸಾಹೇಬರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಆದರೂ ಅನುಮಾನ. ಅಂದೇ ಒಂದು ತೊಟ್ಟು ರಕ್ತಕ್ಕೆ ಆಂಟಿಬಾಡಿ ಹಾಕಿ, ಕಿಟಕಿ ಮುಚ್ಚಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಬಿಳಿ ಕಣಗಳ ಅಂಚಿನ ಸುತ್ತ ಹಸಿರು ಚುಕ್ಕಿಗಳು ಹೊಳೆಯುತ್ತಿದ್ದವು. ಹೋದ ಜೀವ ಬಂತು. ಖುಷಿಗೆ ಅಟೆಂಡರನ್ನೂ ಕರೆದು ತೋರಿಸಿದೆ.

ಅವರು ಬಹಳ ಹೊತ್ತು ನೋಡಿ ತಲೆ ಎತ್ತಿದರು. "ನನ್ನೊಬ್ಬನ್ನೇ ಬಯ್ತಿದ್ರಲ್ಲ ಸಾ. ಇಲ್ನೋಡಿ, ಇವ್ರೂ ಸೀರಿಯಲ್ ಸೆಟ್ ಹಾಕವ್ರೆ!"